ಶಿವಗಂಗಮ್ಮನವರ ಮೋಟಾರಿನ ಮೂಗು

ಮೋಟಾರು ಗಡಿಯಾರದ ಜಾತಿಗೆ ಸೇರಿದ್ದು ಎಂದು ನಾನು ನಂಬಿದ್ದೆ. ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಆದರೆ ಈ ಸಂಗತಿ ಗೊತ್ತಿಲ್ಲದವರು ಹಿರಿಯೂರಿನಲ್ಲಿ ಯಾರೂ ಉಳಿದಿಲ್ಲವಾದ್ದರಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಶಾಲೆಯ ಗೋಡೆ ಗಡಿಯಾರಕ್ಕೆ ಮೇಷ್ಟ್ರು ವಾರಕ್ಕೊಮ್ಮೆ ಕೀಲಿ ತಿರುಗಿಸುತ್ತಿದ್ದರು. ಕೀಲಿ ಮುಗಿದರೆ ಗಡಿಯಾರ ನಿಲ್ಲುತ್ತಿತ್ತು. ಶಿವಗಂಗಮ್ಮನವರ ಮೋಟಾರಿನಲ್ಲಿ ಟಿಕೀಟು ಬರೆಯುವ ಕೆಲಸಕ್ಕೆ ಸೇರಿದ ಮೊದಲ ದಿನವೇ, ಡ್ರೈವರ್ ಜುಂಜಯ್ಯ ಮೋಟಾರಿನ ಮುಂದೆ ಬಗ್ಗಿ, ಅದರ ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲು ತೂರಿಸಿ ಗರಗರನೆ ತಿರುಗಿಸಿದ್ದನ್ನು ಕಂಡೆ. ಮೋಟಾರು ಗುಡುಗಿ ಎದ್ದಿತು. ಓಹೋ, ಕೀಲಿ ಕೊಟ್ಟ ಎಂದುಕೊಂಡೆ. ಲೋಯರ್ ಸೆಕೆಂಡರಿ ಪಾಸಾದವನಿಗೆ ಇಷ್ಟೂ ಅರ್ಥವಾಗದಿದ್ದರೆ ಹೇಗೆ?

ಐಮಂಗಲದಲ್ಲಿ ಮೋಟಾರು ನಿಂತಿತು. ಜುಂಜಯ್ಯ ಬಾವಿಯ ಕಡೆ ನೀರು ಕುಡಿಯಲು ಹೋದ. ಚಿತ್ರದುರ್ಗ ಇನ್ನೂ ದೂರವಿತ್ತು, ಕೀಲಿ ಅರ್ಧವಾದರೂ ಖರ್ಚಾಗಿರಬೇಕು. ನಾನೇ ತುಂಬಿಸಿಟ್ಟರೆ ಹೊಸಬನ ಚುರುಕು ಎಲ್ಲರಿಗೂ ತಿಳಿಯುತ್ತದೆ ಎಂದು ಹ್ಯಾಂಡಲು ಹಿಡಿದು ಬೆವರು ಇಳಿಯುವವರೆಗೆ ತಿರುಗಿಸಿದೆ. ಪ್ರಯಾಣಿಕರು ಕೆಳಗಿಳಿದು ಸುತ್ತ ನಿಂತು ಹುರಿದುಂಬಿಸಿದರು. ಒಬ್ಬ ಅಜ್ಜಿ ಮಾತ್ರ, "ಸಾಕು ಬಿಡಪ್ಪ, ಒಳಗಿನ ಸುರುಳಿ ಕಿತ್ತೋದೀತು" ಎಂದಳು. ಅಷ್ಟರಲ್ಲಿ ಜುಂಜಯ್ಯ ಬಂದ. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದ.

"ಏನ್ ರೈಟ್ರೆ, ಕೀ ತುಂಬಿತಾ? ಗಂಟೆ ಹೊಡೆದ್ರೆ ನಂಗೂ ಒಂದು ಕೂಗು ಹಾಕ್ರಿ."

ಅಂದಿನಿಂದ ನನ್ನ ಹೆಸರು ಹೋಗಿ ರೈಟ್ರು ಎಂಬುದಷ್ಟೇ ಉಳಿಯಿತು. ಸಂಜೆ ಹಿರಿಯೂರಿಗೆ ಮರಳಿದಾಗ ಸುದ್ದಿ ಶಿವಗಂಗಮ್ಮನವರಿಗೂ ಮುಟ್ಟಿತು. ಕೆಲಸ ಹೋಯಿತೆಂದೇ ನಾನು ಚಾಪೆ ಸುತ್ತಿಟ್ಟಿದ್ದೆ. ಆಕೆ ನಗಲಿಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಕುಟ್ಟಿ ನೋಡುವ ಹಾಗೆ ನನ್ನನ್ನು ಒಮ್ಮೆ ನೋಡಿದರು.

"ತಲೆ ಟೊಳ್ಳೈತೆ, ಮನಸಿನಾಗೆ ಕಪಟ ಇಲ್ಲ. ಇರ್ಲಿ. ಇವನ ಕೈಗೆ ಟಿಕೀಟು ಕೊಡ್ರಿ, ಕಬ್ಬಿಣ ಕೊಡಬ್ಯಾಡ್ರಿ."

ಶಿವಗಂಗಮ್ಮನವರ ತವರು ಹೊಸದುರ್ಗ. ಹಿರಿಯೂರಿನ ತೆಂಗಿನಕಾಯಿ ಮಂಡಿಯ ಮನೆಗೆ ಸೊಸೆಯಾಗಿ ಬಂದವರು. ಗಂಡ ಶಿವಕುಮಾರಪ್ಪನವರು ದೇಶಕ್ಕೆಲ್ಲ ಬಂದ ಆ ದೊಡ್ಡ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಕೆ ಇನ್ನು ನಡುಮನೆಯ ಕತ್ತಲಲ್ಲಿ ಕೂತು ಬತ್ತಿ ಹೊಸೆಯುತ್ತಾರೆ ಎಂದು ಊರು ತೀರ್ಮಾನಿಸಿತು. ತಿಥಿಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಆಕೆ ಹಣೆಗೆ ವಿಭೂತಿ ಬಳಿದುಕೊಂಡು ಮಂಡಿಗೆ ಬಂದು ಕಾಯಿರಾಶಿಯ ಪಕ್ಕ ಮಣೆ ಹಾಕಿ ಕೂತರು. ಎದುರಂಗಡಿಯವನ ತಕ್ಕಡಿ ಕೈಯಲ್ಲೇ ನಿಂತುಬಿಟ್ಟಿತಂತೆ. ಕಾಯಿ ಕುಟ್ಟಿ ನೋಡಿ, "ಇದು ನೀರು, ಇದು ಗಟ್ಟಿ, ಇದು ಕೊಳೆತೈತೆ" ಎಂದು ಬೇರೆ ಮಾಡುವುದರಲ್ಲಿ ಆಕೆಗೆ ಸರಿಸಾಟಿ ಇರಲಿಲ್ಲ. ಆದರೆ ಗಾಡಿಯವರು ಗಂಡಸಿಲ್ಲದ ಮನೆಯ ಸರಕನ್ನು ಕೊನೆಗೆ ಏರಿಸುತ್ತಿದ್ದರು. ಕೇಳಿದರೆ, "ಎತ್ತಿಗೆ ಕಾಲು ನೋವು ಕಣವ್ವ" ಎನ್ನುತ್ತಿದ್ದರು. ಎತ್ತಿನ ಕಾಲಿಗೂ ತಮ್ಮ ಓಲೆಭಾಗ್ಯಕ್ಕೂ ಸಂಬಂಧವಿದೆಯೆಂದು ಆಗಲೇ ಗೊತ್ತಾಯಿತು ಎಂದು ಆಕೆ ಹೇಳುವುದುಂಟು.

ಹಾಗಾಗಿ ಮೋಟಾರು ಬಂತು. ಬೆಂಗಳೂರಿನ ಒಬ್ಬ ಡಾಕ್ಟರು ಓಡಿಸಿ ಬಿಟ್ಟಿದ್ದ, ಆರು ಸಿಲಿಂಡರಿನ ಅಮೇರಿಕದ ಗಾಡಿ. ಹಿಂಭಾಗ ಕಿತ್ತು ಬಡಗಿಯ ಕೈಲಿ ಮರದ ಗೂಡು ಕಟ್ಟಿಸಿ, ಜನ ಕೂರಲು ಹಲಗೆ, ಕಾಯಿ ಏರಿಸಲು ಮೇಲೊಂದು ಜಾಲರಿ ಮಾಡಿಸಿದರು. ಓಡಿಸಲು ಬಬ್ಬೂರಿನ ಕಡೆಯ ಗೊಲ್ಲರಹಟ್ಟಿಯ ಜುಂಜಯ್ಯ ಸಿಕ್ಕಿದ. ಯಾವನೋ ಸಾಹೇಬನ ಬಳಿ ಕೆಲಸ ಕಲಿತವನು. ಕಲಿತದ್ದಕ್ಕಿಂತ ಒಂದು ಪಾಲು ಹೆಚ್ಚೇ ಹೇಳಿಕೊಳ್ಳುತ್ತಿದ್ದ. ಡ್ರೈವರನ ಪಕ್ಕದ ಸೀಟಿನಲ್ಲಿ ಶಿವಗಂಗಮ್ಮನವರೇ ಕೂತು ಚಿತ್ರದುರ್ಗದ ಸಂತೆಗೆ ಹೊರಟ ದಿನ ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಬೀದಿಯಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದವರಲ್ಲಿ ನಾನೂ ಒಬ್ಬ. ಬಿಟ್ಟ ಬಾಯಿಗೆ ದೂಳು ತುಂಬಿದ ಮೇಲೆಯೇ ಮುಚ್ಚಿದೆ.

ಮಂಡಿ ಒಟ್ಟು ಕುಟುಂಬದ್ದು. ಮೈದುನ ತಿಪ್ಪೇರುದ್ರಪ್ಪನವರಿಗೆ ಈ ಮೋಟಾರು ಕಣ್ಣಿನ ಕಸವಾಗಿತ್ತು. ಕೆಟ್ಟವರೇನಲ್ಲ, ಅತ್ತಿಗೆ ಬೀದಿಗಿಳಿದಿದ್ದರಿಂದ ತಮ್ಮ ಮೀಸೆ ಸಣ್ಣದಾಯಿತೆಂಬ ಒಂದೇ ಸಂಕಟ. ಕಚೇರಿ ಅಲೆಯುವುದು ಬೇಡವೆಂದು ಲೈಸೆನ್ಸನ್ನು ಅತ್ತಿಗೆಯ ಹೆಸರಿಗೇ ಬಿಟ್ಟಿದ್ದರು. ಆಮೇಲೆ ಅದಕ್ಕೂ ಪಶ್ಚಾತ್ತಾಪಪಟ್ಟರು. ಕೊನೆಗೆ ಮಠದ ಅಯ್ಯನವರ ಮುಂದೆ ಒಂದು ಒಪ್ಪಂದವಾಯಿತು: ಲೈಸೆನ್ಸು ಇರುವ ತನಕ ಮೋಟಾರು ಶಿವಗಂಗಮ್ಮನವರದು. ಲೈಸೆನ್ಸು ಹೋದ ದಿನ ಮೋಟಾರು ಮಾರಿ, ಆಕೆ ಮಂಡಿ ಬಿಟ್ಟು ಮನೆಯೊಳಗೆ ಕೂರಬೇಕು. ಅಯ್ಯನವರ ಮುಂದೆ ಆಡಿದ ಮಾತು ನಮ್ಮಲ್ಲಿ ಕಲ್ಲಿನಲ್ಲಿ ಕೊರೆದ ಹಾಗೆ. ತಿಪ್ಪೇರುದ್ರಪ್ಪನವರು ಅಂದಿನಿಂದಲೇ ಗಿರಾಕಿ ಹುಡುಕತೊಡಗಿದರು.

ಹೀಗಿರುವಾಗ ಮೋಟಾರು ಸೋರತೊಡಗಿತು.

ಮೋಟಾರಿನ ಹೊಟ್ಟೆಯೊಳಗೆ ಒಂದು ದಪ್ಪ ಕಬ್ಬಿಣದ ದಂಡ ಉದ್ದಕ್ಕೂ ತಿರುಗುತ್ತದೆ. ಅದರ ತುದಿ ಇಂಜಿನ್ನಿನ ಮುಂಭಾಗದಲ್ಲಿ ಹೊರಗೆ ಇಣುಕುತ್ತದೆ. ತುದಿಗೆ ಒಂದು ಭಾರದ ಗಾಲಿ: ಎರಡು ಕಬ್ಬಿಣದ ಬಿಲ್ಲೆ, ನಡುವೆ ರಬ್ಬರು. ದಂಡ ತಿರುಗುವಾಗ ನಡುಗುವ ನಡುಕವನ್ನೆಲ್ಲ ಆ ಗಾಲಿ ನುಂಗಿಕೊಳ್ಳಬೇಕು. ಗಾಲಿಯ ಹಿಂದೆ, ದಂಡ ಹೊರಬರುವ ಬಾಯಿಯಲ್ಲಿ ಒಂದು ತೊಗಲ ಬಳೆ. ಒಳಗಿನ ಆಯಿಲು ಹೊರಗೆ ಬಾರದಂತೆ ಅದು ದಂಡವನ್ನು ಅಪ್ಪಿ ಹಿಡಿದಿರಬೇಕು. ಇದನ್ನೆಲ್ಲ ನಾನು ಗಡಿಯಾರದ ಮರ್ಯಾದೆ ಹೋದ ಮೇಲೆ ಕಷ್ಟಪಟ್ಟು ಕಲಿತದ್ದು. ತಪ್ಪಿದ್ದರೆ ಜುಂಜಯ್ಯನನ್ನು ಹಿಡಿಯಿರಿ.

ಮೊದಲು ಹನಿ, ಆಮೇಲೆ ಧಾರೆ. ಜುಂಜಯ್ಯ ಗಾಲಿ ಬಿಚ್ಚಿ, ಚಪ್ಪಲಿ ಹೊಲಿಯುವ ಬೋರಪ್ಪನ ಕೈಲಿ ಹೊಸ ಬಳೆ ಕೊರೆಸಿ ಹಾಕಿದ. ಕೆಲವು ವಾರ ನಿಂತಿತು, ಮತ್ತೆ ಸೋರಿತು. "ಕುರಿ ತೊಗಲು ಹಾಕ್ಯಾನೆ ಬೋರಪ್ಪ, ಎಮ್ಮೆ ತೊಗಲು ಬೇಕಿತ್ತು" ಎಂದು ಜುಂಜಯ್ಯ ಸಾರಿದ. ಎಮ್ಮೆ ತೊಗಲೂ ಬಂತು, ಹೋಯಿತು. ಆಗ ತಪ್ಪು ರಸ್ತೆಯದಾಯಿತು. ಆಮೇಲೆ ವೇದಾವತಿಯ ಹೊಳೆ ದಾಟುವಾಗ ನುಗ್ಗುವ ನೀರಿನದಾಯಿತು. ಮೂರನೆಯ ಬಳೆಯೂ ಸೋತಾಗ ಜುಂಜಯ್ಯನ ಬಾಯಲ್ಲಿ ಕಾರಣಗಳೇ ಖಾಲಿಯಾದವು. ಅದಕ್ಕಿಂತ ಭಯ ಹುಟ್ಟಿಸುವ ಸಂಗತಿಯನ್ನು ನಾನು ಕಂಡಿರಲಿಲ್ಲ.

"ಎಷ್ಟು ಸಲ ಬಳೆ ತೊಡಿಸ್ತೀಯಪ್ಪ ಜುಂಜಣ್ಣ?" ಎಂದರು ಶಿವಗಂಗಮ್ಮ. "ಮೋಟ್ರೇನು ಮದುವೆಗೆ ನಿಂತೈತಾ?"

ಬರಿಗೈಯ ಹೆಂಗಸು ಬಳೆಯ ಮಾತಾಡಿದ್ದಕ್ಕೆ ನಗಬೇಕೋ ಬಾರದೋ ತಿಳಿಯದೆ ನಾನು ಟಿಕೀಟು ಎಣಿಸಿದೆ.

ನಡುಕವೂ ಹೆಚ್ಚಿತ್ತು. ಮೋಟಾರು ಏರು ಹತ್ತುವಾಗ ಪ್ರಯಾಣಿಕರ ಹಲ್ಲು ಕಟಕಟ ಎನ್ನುತ್ತಿದ್ದವು. ಚಿತ್ರದುರ್ಗದ ಕೋಟೆ ಬಾಗಿಲ ಹತ್ತಿರ ನಾವು ನಿಂತಾಗ ಒಂದು ದಿನ ಪೊಲೀಸು ಇನ್ಸ್‌ಪೆಕ್ಟರರು ಬಂದರು. ಬೂಟಿನ ತುದಿಯಿಂದ ನೆಲದ ಆಯಿಲು ತೋರಿಸಿದರು.

"ಇದು ಮೋಟಾರೋ ಎಣ್ಣೆ ಗಾಣವೋ? ತಿಂಗಳ ಕೊನೆಗೆ ಇಲ್ಲಿಗೇ ತಂದು ತೋರಿಸಿ. ಆವತ್ತು ಒಂದು ಹನಿ ಬಿದ್ದರೂ ಲೈಸೆನ್ಸು ರದ್ದು."

ಶಿವಗಂಗಮ್ಮನವರು ಮುಂದಿನ ಸೀಟಿನಲ್ಲೇ ಕೂತಿದ್ದರು. ಹಿರಿಯೂರು ಬರುವವರೆಗೆ ಎಲೆಅಡಿಕೆ ಚೀಲ ಬಿಚ್ಚಲೇ ಇಲ್ಲ.

ಮರುದಿನ ಹಿತ್ತಲಿನ ಕೊಟ್ಟಿಗೆಯಲ್ಲಿ ಮೋಟಾರನ್ನು ನಿಲ್ಲಿಸಿ ಬಿಚ್ಚಲು ಕೂತೆವು. ಶಿವಗಂಗಮ್ಮನವರು ಮಣೆ ಹಾಕಿಕೊಂಡು ಎದುರಿಗೇ ಕೂತರು. ತಿಪ್ಪೇರುದ್ರಪ್ಪನವರೂ ಬಂದು ದೂರದಲ್ಲಿ, ಶಲ್ಯದಿಂದ ಮೂಗು ಮುಚ್ಚಿ ನಿಂತರು. ಸತ್ತ ಪ್ರಾಣಿಯ ತೊಗಲಿನ ಬಳೆ ಅವರಿಗೆ ಮೈಲಿಗೆ. ಅದೇ ಮೋಟಾರಿನ ಮುಂದಿನ ಸೀಟಿನ ತೊಗಲು ಬೆಂಗಳೂರಿನದಾದ್ದರಿಂದ ಮೈಲಿಗೆಯಾಗುತ್ತಿರಲಿಲ್ಲ.

ಜುಂಜಯ್ಯ ನೀರು ಬಸಿದು ರೇಡಿಯೇಟರು ಇಳಿಸಿದ. ಹ್ಯಾಂಡಲು ಕಚ್ಚಿಕೊಳ್ಳುವ ದೊಡ್ಡ ನಟ್ಟಿಗೆ ಪಾನಾ ಹಾಕಿ, ಪಾನಾದ ಹಿಡಿಗೆ ಒಂದು ಕೊಳವೆ ತೂರಿಸಿ, ಕೊಳವೆಯ ತುದಿಗೆ ನನ್ನನ್ನು ಜೋತುಬೀಳಿಸಿದ. ನನ್ನ ವಿದ್ಯೆಗಲ್ಲದಿದ್ದರೂ ತೂಕಕ್ಕಾದರೂ ಒಂದು ಉಪಯೋಗ ಕಂಡಿತು. ನಟ್ಟು ಕಿರುಗುಟ್ಟಿ ಬಿಟ್ಟಿತು. ಕಮ್ಮಾರನ ಹತ್ತಿರ ಮಾಡಿಸಿದ್ದ ಎರಡು ಕೈಯ ಕೊಕ್ಕೆಯಿಂದ ಗಾಲಿಯನ್ನು ಹಿಡಿದು ತಿರುಪು ಬಿಗಿಸುತ್ತಾ ಹೋದ. ಗಾಲಿ ಕಳಚಿ ಗೋಣಿಯ ಮೇಲೆ ಬಿತ್ತು. ಹಿಂದಿನ ಸಲವೆಲ್ಲ ಸಂತೆಯ ಅವಸರದಲ್ಲಿ ಬಳೆ ಬದಲಿಸಿದ್ದೇ ಹೊರತು ಎಣ್ಣೆ ಒರೆಸಿ ನೋಡಿರಲಿಲ್ಲ. ಈಗ ನೋಡಿ ನಾವಿಬ್ಬರೂ ದಂಗಾದೆವು. ನಡುವಿನ ರಬ್ಬರು ಹಳೆಯ ರೊಟ್ಟಿಯ ಹಾಗೆ ಬಿರಿದು, ಹೊರಗಿನ ಬಿಲ್ಲೆ ಗಡಗಡ ಅಲ್ಲಾಡುತ್ತಿತ್ತು. ಹಿಂದಿನ ಬಳೆ ನುಣ್ಣಗೆ ತೇಯ್ದಿರಲಿಲ್ಲ, ಇಲಿ ಕಡಿದ ಹಾಗಿತ್ತು. ಬಳೆ ಅಪ್ಪಿ ಹಿಡಿಯಬೇಕಾದ ಜಾಗದಲ್ಲಿ ದಂಡಕ್ಕೆ ಸುತ್ತಲೂ ತುಕ್ಕು ಹಿಡಿದು ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು.

"ದಂಡ ತಿಂದೈತೆ ತೊಗಲನ್ನ" ಎಂದ ಜುಂಜಯ್ಯ. "ಅರದ ಮೇಲೆ ತೊಗಲು ತಿಕ್ಕಿದಂಗೆ. ಆದ್ರೆ ಎಣ್ಣೆ ಹತ್ತಿರ ತುಕ್ಕು ಹೆಂಗೆ ಬಂತು?"

ನದಿಯ ನೀರೇ ಇರಬೇಕೆಂದ. ನಾನು ರೇಡಿಯೇಟರು ಇರಬಹುದೆಂದೆ. ಇಬ್ಬರ ಮಾತಿಗೂ ಅರ್ಥವಿರಲಿಲ್ಲ. ಹಾಗಿದ್ದರೆ ಉಳಿದ ಕಬ್ಬಿಣವೂ ತುಕ್ಕು ಹಿಡಿಯಬೇಕಿತ್ತು.

"ಮೂರು ಸಲ ಮಾಡಿದ, ಮೂರು ಸಲನೂ ಕೆಡಿಸಿದ" ಎಂದರು ತಿಪ್ಪೇರುದ್ರಪ್ಪ, ಶಲ್ಯದೊಳಗಿಂದಲೇ. "ಇವನಿಗೆ ಕೆಲಸ ಬರಲ್ಲ ಅತ್ತಿಗಮ್ಮ. ಇವತ್ತೇ ಹಟ್ಟಿಗೆ ಕಳ್ಸಿಬಿಡ್ರಿ, ಕುರಿ ಕಾಯ್ಲಿ. ಮೋಟ್ರು ಮಾರಾಣ."

"ಕುರಿ ಹಿಂಗೆ ಸೋರಿದ್ರೆ ನಾನೇ ವೈದ್ಯ ಮಾಡ್ತಿದ್ದೆ ಸಾವ್ಕಾರ್ರೆ" ಎಂದ ಜುಂಜಯ್ಯ. ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ಶಿವಗಂಗಮ್ಮನವರು ಮಣೆಯಿಂದ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ದಂಡದ ತುಕ್ಕನ್ನು ಬೆರಳಲ್ಲಿ ಕೆರೆದರು. ಮೂಗಿಗೆ ಹಿಡಿದರು. ಹ್ಯಾಂಡಲು ತೂರುವ ಕೊಳವೆಯೊಳಗೆ ಬೆರಳು ಹಾಕಿ, ಅದನ್ನೂ ಮೂಸಿ ನೋಡಿದರು. ಆಕೆಯ ಮುಖದ ವಿಭೂತಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸ ಉಳಿಯಲಿಲ್ಲ.

"ಕಾಯಿನೀರು" ಎಂದರು.

"ಏನಮ್ಮಾರೆ?"

"ಕಾಯಿನೀರು ಕಣಪ್ಪ. ಹುಳಿತು ನಾರ್ತೈತೆ. ಈ ವಾಸನೆ ನಂಗೆ ಗೊತ್ತಿಲ್ವಾ?"

ಹ್ಯಾಂಡಲಿನ ಕೊಳವೆ ಹೊರಗಿಂದ ಒಳಕ್ಕೆ ಇಳಿಜಾರು. ಅದರ ಬಾಯಿಗೆ ಹೊಯ್ದದ್ದು ನೇರವಾಗಿ ಗಾಲಿಯ ಮೇಲೆ, ಗಾಲಿಯಿಂದ ಹಿಂದಿನ ದಂಡದ ಮೇಲೆ ಹೋಗಬೇಕು. ಆದರೆ ಯಾರು ಹೊಯ್ದರು?

"ಅಮಾಸೆ ಪೂಜೆಗೆ ನಾನು ಒಡೆಯೋದು ಬಾಗಿಲ ಮುಂದಿನ ಕಲ್ಲಿಗೆ" ಎಂದು ತಿಪ್ಪೇರುದ್ರಪ್ಪನವರು ಮೊದಲೇ ಕೈ ತೊಳೆದುಕೊಂಡರು. ಜುಂಜಯ್ಯನ ಕಡೆ ತಿರುಗಿದರು. "ನಿನ್ ಕೆಲಸಾನೇನೋ ಇದು?"

"ನಮ್ಮ ಹಟ್ಟಿ ದೇವ್ರಾಣೆ ಇಲ್ಲ. ನಮ್ಮ ದೇವ್ರಿಗೆ ಹಾಲು ಹೊಯ್ತೀವಿ. ಹೊಯ್ದಿದ್ರೆ ಇಲ್ಲಿ ಮೊಸರಿರ್ತಿತ್ತು."

ಆಗ ಎಲ್ಲರ ಕಣ್ಣೂ ನನ್ನ ಮೇಲೆ ಬಂದವು. ಸಹಜವೇ. ಮೋಟಾರಿಗೆ ಕೀಲಿ ಕೊಟ್ಟವನು ಎಳನೀರೂ ಕುಡಿಸಿರಬಹುದು. ನನಗೇ ಅನುಮಾನ ಬಂತು. ನಿದ್ದೆಯಲ್ಲೇನಾದರೂ ಎದ್ದು ಬಂದು ಹೊಯ್ದೆನೋ ಎಂದು ಯೋಚಿಸುತ್ತ ನಿಂತೆ.

ಶಿವಗಂಗಮ್ಮನವರು ಕೂತಲ್ಲಿಂದಲೇ ಹೇಳಿದರು: "ಅವ್ರಿಬ್ರೂ ಅಲ್ಲ. ನಾನು."

ತಿಪ್ಪೇರುದ್ರಪ್ಪನವರ ಶಲ್ಯ ಮೂಗಿನಿಂದ ಜಾರಿತು.

"ಪ್ರತಿ ಸೋಮವಾರ, ನೀವ್ಯಾರೂ ಏಳೋಕ್ಕೆ ಮುಂಚೆ. ಹ್ಯಾಂಡಲು ತೂರೋ ಆ ಮೂಗಿಗೆ ಕಾಯಿ ಒಡೆದು, ನೀರು ಒಳಕ್ಕೆ ಹೊಯ್ತಿದ್ದೆ. ಅಭಿಷೇಕ ಅಂತ."

"ಅತ್ತಿಗಮ್ಮ! ನೀವು... ಗಂಡ ಇಲ್ದೋರು... ಕಾಯಿ ಒಡೆದ್ರಾ?"

"ಮಂಡೀಲಿ ದಿನಾ ರಾಶಿ ರಾಶಿ ಕಾಯಿ ಒಡೆಸಿ ಕೊಬ್ಬರಿ ಮಾಡಿಸ್ತೀನಿ, ಆಗ ಕೇಳ್ಲಿಲ್ವಲ್ಲ ತಿಪ್ಪೇರುದ್ರಪ್ಪ."

ಅದು ವ್ಯಾಪಾರ, ಇದು ದೇವರ ಕಾಯಿ. ಎರಡರ ನಡುವಿನ ಅಂತರ ಗೊತ್ತಿಲ್ಲದವರು ನಮ್ಮ ಊರಿನಲ್ಲಿ ಇಲ್ಲ. ದೇವರ ಕಾಯಿಯನ್ನು ಹೆಂಗಸು ಒಡೆಯುವಂತಿಲ್ಲ. ವಿಧವೆ ಒಡೆಯುವ ಮಾತಂತೂ ನಾನು ಕತೆಯಲ್ಲೂ ಕೇಳಿರಲಿಲ್ಲ. ಆಕೆ ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜುಂಜಯ್ಯನನ್ನು ಕಳಿಸಿ, ಸೋಮವಾರದ ಪೂಜೆ ನಿಲ್ಲಿಸಿದ್ದರೆ ಸಾಕಿತ್ತು. ಬಾಯಿ ಬಿಟ್ಟದ್ದರಿಂದ ಮೋಟಾರು ಕಳೆದುಕೊಳ್ಳಲು ಮೈದುನನ ಕೈಗೆ ತಾವೇ ಹಗ್ಗ ಕೊಟ್ಟ ಹಾಗಾಯಿತು. ಅದರ ನಡುವೆಯೇ ಇನ್ನೊಂದು ಯೋಚನೆ ಬಂದು ಹೊಟ್ಟೆ ಹಿಡಿದುಕೊಂಡೆ. ಸೋಮವಾರ ಸೋಮವಾರ ರೊಟ್ಟಿಯ ಜೊತೆ ಆಕೆ ನಮಗೆ ಕಾಯಿ ಚಟ್ನಿ ಬಡಿಸುತ್ತಿದ್ದರು. ಸಾಕ್ಷ್ಯವನ್ನೆಲ್ಲ ನಾನೂ ಜುಂಜಯ್ಯನೂ ಚಪ್ಪರಿಸಿಕೊಂಡು ತಿಂದಿದ್ದೆವು.

ತಿಪ್ಪೇರುದ್ರಪ್ಪನವರು ಹೊರಟುಹೋದರು. ಮಠದ ಕಡೆಗೇ ಹೋದದ್ದು.

"ಅಮ್ಮಾರೆ" ಎಂದ ಜುಂಜಯ್ಯ. "ಮೊದ್ಲೇ ಹೇಳಿದ್ರೆ ಆ ತೂತಿಗೊಂದು ಬಿರಡೆನಾದ್ರೂ ಹಾಕ್ತಿದ್ದೆ. ನಿಮ್ಮ ಪೂಜೆನೂ ಆಗ್ತಿತ್ತು, ನನ್ನ ಮಾನನೂ ಉಳೀತಿತ್ತು."

"ಮೂಗಿಗೆ ಬಿರಡೆ ಹಾಕಿದ್ರೆ ಉಸಿರಾಡ್ತದೇನೋ?" ಎಂದರು ಆಕೆ. ಆಮೇಲೆ ತಾವೇ ಮುಂದುವರಿಸಿದರು. "ಗುಡೀಲಿ ಮೈದುನ ಒಡೀತಾನೆ. ನಾನು ಕಂಬದ ಹಿಂದೆ ನಿಂತು ಕೈ ಮುಗೀಬೇಕು. ಕಾಯಿ ಮಾತ್ರ ನಾನು ಆರಿಸಿ ಕೊಟ್ಟಿದ್ದು. ದಿನಾ ನೀನು ಆ ತೂತಿಗೆ ಹ್ಯಾಂಡಲು ಹಾಕಿದ ಕೂಡ್ಲೇ ಇದಕ್ಕೆ ಜೀವ ಬರ್ತದಲ್ಲ, ಅದಕ್ಕಿಂತ ದೊಡ್ಡ ಗರ್ಭಗುಡಿ ಯಾವುದೈತೆ ಅನ್ನಿಸ್ತು. ಈಗ ನೋಡು, ನಾನೇ ಕೊಂದೆ."

ಅಳುತ್ತಾರೆಂದು ನಾನು ಹೆದರಿದೆ. ಅಳಲಿಲ್ಲ. "ಏಳ್ರಿ, ಕುಂತ್ರೆ ಆಗ್ತದಾ? ಗಾಲಿ ಎಲ್ಲಿ ಸಿಗ್ತದೆ ಹೇಳ್ರಿ" ಎಂದರು.

ಇದೇ ಜಾತಿಯ ಮೋಟಾರೊಂದು ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರಿ ಜಂಬಣ್ಣನವರ ಅಂಗಳದಲ್ಲಿ ಕೆಟ್ಟು ನಿಂತಿದೆಯೆಂದು ಜುಂಜಯ್ಯನಿಗೆ ಗೊತ್ತಿತ್ತು. ದಂಡದ ದಪ್ಪಕ್ಕೆ ದಾರ ಸುತ್ತಿ ಗಂಟು ಹಾಕಿ, ದಾರವನ್ನು ಜೇಬಿಗಿಟ್ಟುಕೊಂಡು ಇಬ್ಬರೂ ಹೊರಟೆವು. ಚಿತ್ರದುರ್ಗದವರೆಗೆ ಬೇರೆಯವರ ಮೋಟಾರು, ಅಲ್ಲಿಂದ ಎತ್ತಿನ ಗಾಡಿ. ಸುದ್ದಿ ನಮಗಿಂತ ವೇಗದ ಗಾಡಿ ಹಿಡಿದಿತ್ತು. ಜಂಬಣ್ಣನವರು ಅಡಿಕೆ ಕತ್ತರಿಸುತ್ತ ಜಗಲಿಯಲ್ಲೇ ಕೇಳಿದರು:

"ಬರ್ರಿ, ಕುಂತ್ಕಳ್ರಿ. ಕಾಯಿ ಒಡೆದ ಅಮ್ಮನ ಮೋಟ್ರಿಗಾ ಗಾಲಿ?"

ನನಗೆ ಸಿಟ್ಟು ಬಂತು; ಆದರೆ ಗಾಲಿ ಅವರದು, ಸಿಟ್ಟು ಮಾತ್ರ ನನ್ನದು. ಹೌದೆಂದೆ.

"ತಗಂಡು ಹೋಗ್ರಿ. ನಮ್ಮ ಮೋಟ್ರಿಗೆ ನಾನೂ ವಾರವಾರ ಪೂಜೆ ಮಾಡಿಸ್ದೆ, ಗಂಡಸ್ರ ಕೈಲೇ. ಆದ್ರೂ ಹಳ್ಳಕ್ಕೆ ಬಿತ್ತು."

ಆ ಮೋಟಾರಿನ ಮುಚ್ಚಳ ಎತ್ತಿದಾಗ ಒಳಗಿಂದ ಕೋಳಿಯೊಂದು ಕಿರುಚಿ ನನ್ನ ಮುಖಕ್ಕೇ ಹಾರಿತು. ನಾನು ಅದಕ್ಕಿಂತ ಜೋರಾಗಿ ಕಿರುಚಿದೆನೆಂದು ಜುಂಜಯ್ಯ ಈಗಲೂ ಹೇಳುತ್ತಾನೆ. ಗಾಲಿ ಮಾತ್ರ ಗಟ್ಟಿಯಾಗಿತ್ತು; ರಬ್ಬರು ಬಿರಿದಿರಲಿಲ್ಲ. ಮರಳುವ ದಾರಿಯಲ್ಲಿ ಚಿತ್ರದುರ್ಗದ ಕಂಚುಗಾರನ ಹತ್ತಿರ ದಾರದ ಅಳತೆ ಕೊಟ್ಟು, ತೆಳ್ಳಗಿನ ಹಿತ್ತಾಳೆಯ ಕವಚವೊಂದನ್ನು ಮಾಡಿಸಿಕೊಂಡೆವು. ಗುಳಿ ಬಿದ್ದ ದಂಡದ ಮೇಲೆ ಅದನ್ನು ಕೂರಿಸಿದರೆ ತೊಗಲು ನುಣ್ಣನೆಯ ಹಿತ್ತಾಳೆಯ ಮೇಲೆ ಉಜ್ಜುತ್ತದೆ ಎಂದು ಜುಂಜಯ್ಯನ ಲೆಕ್ಕ. ನಿಜ ಹೇಳಬೇಕೆಂದರೆ ಅದೂ ಅವನ ಐದನೆಯದೋ ಆರನೆಯದೋ ಲೆಕ್ಕ. ಗಾಡಿಯಲ್ಲಿ ಕೂತು, "ಇದೂ ಆಗದಿದ್ರೆ ಏನು ಮಾಡ್ತೀಯಾ?" ಎಂದು ಕೇಳಿದೆ. "ಕುರಿಗೆ ಹೆದರ್ತೀನಿ ಅಂದ್ಕಂಡ್ರಾ?" ಎಂದು ಅತ್ತ ತಿರುಗಿ ಕೂತ.

ಹಿತ್ತಲಲ್ಲಿ ಶಿವಗಂಗಮ್ಮನವರು ತೆಂಗಿನ ಚಿಪ್ಪಿನ ಕೆಂಡ ಸಿದ್ಧ ಮಾಡಿಟ್ಟಿದ್ದರು. ಕವಚವನ್ನು ಕೆಂಡದಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಹಿಗ್ಗಿದ ಕೂಡಲೇ ದಂಡಕ್ಕೆ ತೊಡಿಸಬೇಕು. ತಡವಾದರೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಜುಂಜಯ್ಯ ಒಂದೇ ಏಟಿಗೆ ಸೇರಿಸಿದ. ಆರಿದ ಮೇಲೆ ಬೆರಳಾಡಿಸಿ ನೋಡಿದೆವು. ಹೊಸ ತಂಬಿಗೆಯ ಕತ್ತಿನ ಹಾಗೆ ನುಣುಪು. ಹರಳೆಣ್ಣೆಯಲ್ಲಿ ನೆನೆದ ಹೊಸ ತೊಗಲ ಬಳೆಯನ್ನು ಬಾಯಿಗೆ ಕೂರಿಸಿದ್ದು ಶಿವಗಂಗಮ್ಮನವರೇ. ಅಂಚು ಮಡಚದಂತೆ ಸುತ್ತಲೂ ಹೆಬ್ಬೆರಳಲ್ಲಿ ಒತ್ತುತ್ತಾ ಹೋದರು. ತೊಗಲು ಮುಟ್ಟಿದ್ದನ್ನು ನೋಡಲು ತಿಪ್ಪೇರುದ್ರಪ್ಪನವರು ಇರಲಿಲ್ಲ. ನಾನೇ ಅವರ ಪರವಾಗಿ ಬೆಚ್ಚಿದೆ. ಆಮೇಲೆ ಗಾಲಿ, ನಟ್ಟು, ಕೊಳವೆಯ ತುದಿಗೆ ಮತ್ತೆ ನಾನು.

ತಿಂಗಳ ಕೊನೆಗೆ ಚಿತ್ರದುರ್ಗದ ಕೋಟೆ ಬಾಗಿಲ ಹತ್ತಿರ ಮೋಟಾರು ನಿಲ್ಲಿಸಿದೆವು. ಇಂಜಿನ್ನು ಓಡುತ್ತಿತ್ತು. ಹಲಗೆಯ ಮೇಲಿಟ್ಟ ನೀರಿನ ಲೋಟ ತುಳುಕಲಿಲ್ಲ. ಇನ್ಸ್‌ಪೆಕ್ಟರರು ಅಡಿಯಲ್ಲಿ ಬಿಳಿಯ ಕಾಗದ ಹಾಸಿಸಿದರು. ತಾವು ಒಂದು ಸಿಗರೇಟು ಹಚ್ಚಿ ನಿಂತರು. ಶಿವಗಂಗಮ್ಮನವರು ಸೀಟಿನಿಂದ ಇಳಿಯಲಿಲ್ಲ, ಕಾಗದದ ಕಡೆ ನೋಡಲೂ ಇಲ್ಲ. ಮಡಿಲಲ್ಲಿ ಕೈಯ ಮೇಲೆ ಕೈಯಿಟ್ಟು ಕೋಟೆಯ ಕಲ್ಲನ್ನೇ ನೋಡುತ್ತಿದ್ದರು. ನಾನು ತಡೆಯಲಾರದೆ ನೆಲಕ್ಕೆ ಬಗ್ಗಿ ತಲೆ ಒಳಗೆ ತೂರಿಸಿದೆ. ಟಪ್ ಎಂದಿತು. ಕಾಗದದ ಮೇಲೆ ಒಂದು ಹನಿ.

"ಬಿತ್ತು!" ಎಂದು ನಾನೇ ಕೂಗಿದೆ. ನನ್ನಂಥ ಸೇವಕ ಯಾವ ಯಜಮಾನಿಗೂ ಸಿಗಬಾರದು.

ಇನ್ಸ್‌ಪೆಕ್ಟರರು ಕಾಗದ ಎಳೆದು ಹನಿಗೆ ಬೆರಳಿಟ್ಟರು, ಮೂಸಿದರು, ಮತ್ತೆ ನನ್ನ ಮುಖ ನೋಡಿದರು. ನನ್ನ ಮೂಗಿನ ತುದಿಯಲ್ಲಿ ಇನ್ನೊಂದು ಹನಿ ತೂಗುತ್ತಿತ್ತು.

"ಬೆವರು" ಎಂದರು. "ಮೋಟಾರು ಸರಿಯಾಗಿದೆ. ಈ ಮನುಷ್ಯ ಸೋರುತ್ತಿದ್ದಾನೆ." ಲೈಸೆನ್ಸಿಗೆ ಮುದ್ರೆ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಬರಹಕ್ಕೆ ಕೈಹಾಕುತ್ತಿರಲಿಲ್ಲ. ಹಿರಿಯೂರಿಗೆ ಬಂದಾಗ ಮಂಡಿಯ ಮುಂದೆ ಜನ ನೆರೆದಿತ್ತು. ಕಂಬಳಿಯ ಮೇಲೆ ಅಯ್ಯನವರು ಕೂತಿದ್ದರು, ಪಕ್ಕದಲ್ಲಿ ತಿಪ್ಪೇರುದ್ರಪ್ಪ. ಲೈಸೆನ್ಸು ಉಳಿದ ಸುದ್ದಿ ಕೇಳಿ ತಿಪ್ಪೇರುದ್ರಪ್ಪನವರ ಮುಖ ಒಣಗಿತು, ಆದರೂ ಬಿಡಲಿಲ್ಲ.

"ಲೈಸೆನ್ಸಿನ ಮಾತು ಬ್ಯಾರೆ ಅಯ್ಯನೋರೆ. ಆಚಾರ ಕೆಟ್ಟೈತೆ. ಗಂಡ ಇಲ್ದೋರು ದೇವ್ರ ಕಾಯಿ ಒಡೆದ ಮೋಟ್ರಿನಾಗೆ ಮದುವೆ ದಿಬ್ಬಣ ಯಾರು ಹತ್ತುತ್ತಾರೆ? ತಾವೇ ಹೇಳ್ರಿ, ಮಾರಾಣ ಅಂತ."

ಅಯ್ಯನವರು ವಯಸ್ಸಾದವರು, ಮೆತ್ತನೆಯ ಮನುಷ್ಯ. ಅವರು ಹೂಂ ಎಂದರೆ ಲೈಸೆನ್ಸಿಗೆ ಕಾಗದದ ಬೆಲೆಯಷ್ಟೇ. ಊರಲ್ಲಿ ಒಬ್ಬನೂ ಟಿಕೀಟು ಕೊಳ್ಳುವುದಿಲ್ಲ. ಆದರೆ ಅವರಿಗೆ ಈ ಹೆಂಗಸಿನ ಮೋಟಾರು ಕಿತ್ತುಕೊಳ್ಳುವ ಮನಸ್ಸಿರಲಿಲ್ಲ, ದಾರಿ ಹುಡುಕುತ್ತಿದ್ದರು. ಹುಡುಕಿಯೂ ಬಂದಿದ್ದರು. ಸತ್ತ ಗಂಡನ ಆತ್ಮಕ್ಕೆ ಶಾಂತಿಯಾಗಲೆಂದು, ದುಃಖದಲ್ಲಿ ಏನೋ ಮಾಡಿಬಿಟ್ಟಳು ಎಂದಾಗಿಬಿಟ್ಟರೆ ಅದು ಪತಿಭಕ್ತಿಯಾಗುತ್ತದೆ. ಒಂದು ಸಣ್ಣ ಕಾಣಿಕೆ, ಒಂದು ನಮಸ್ಕಾರ, ಮುಗಿಯಿತು. ಜಂಬದ ತಿಪ್ಪೇರುದ್ರಪ್ಪನವರೂ ಅದಕ್ಕೆ ಎದುರಾಡುವ ಹಾಗಿರಲಿಲ್ಲ. ಸತ್ತದ್ದು ಅವರ ಅಣ್ಣ. ಇದೆಲ್ಲ ನೆರೆದವರಿಗೆ ಅರ್ಥವಾಗಿತ್ತು. ನನಗೇ ಅರ್ಥವಾಗಿತ್ತೆಂದ ಮೇಲೆ ಇನ್ನುಳಿದವರ ಮಾತೇನು. ಜುಂಜಯ್ಯ ಆಗಲೇ ಹಲ್ಲುಕಿರಿಯುತ್ತಿದ್ದ.

ಅಯ್ಯನವರು ಮೆಲ್ಲಗೆ ಕೇಳಿದರು: "ಹೆದರಬ್ಯಾಡ ತಾಯಿ. ಸೋಮವಾರ ಸೋಮವಾರ ಆ ಕಾಯಿ ಯಾರ ಹೆಸರಲ್ಲಿ ಒಡೀತಿದ್ದೆ? ಶಿವಕುಮಾರಪ್ಪನ ಹೆಸರಲ್ಲಿ ಅಲ್ವಾ?"

ಹೂಂ ಎಂದರೆ ಸಾಕಿತ್ತು. ನಾನು ಮನಸ್ಸಿನಲ್ಲೇ ಆಕೆಯ ಪರವಾಗಿ ಹೂಂ ಎಂದೆ.

ಶಿವಗಂಗಮ್ಮನವರು ಬೆರಳಿಗಂಟಿದ್ದ ದಾರಿಯ ದೂಳನ್ನು ಸೆರಗಿಗೆ ಒರೆಸಿಕೊಂಡರು.

"ಇಲ್ಲ ಅಯ್ಯನೋರೆ. ನನ್ನ ಹೆಸರಲ್ಲಿ."